ರಿಪೇರಿಯಾದ ರಿದಂ ಬಾಕ್ಸ್

ಮನೆಗೆ ದೊಡ್ಡವರು ಬರುತ್ತಾರೆಂದರೆ ಅಂಗಳ ಗುಡಿಸಿ ನೀರು ಹಾಕುವುದು ಇದ್ದದ್ದೇ. ಜಯರಾಮಪ್ಪ ತನ್ನ ರಿದಂ ಬಾಕ್ಸನ್ನೂ ಚೊಕ್ಕಟ ಮಾಡಿಸಲು ಹೊರಟ. ಅಲ್ಲೇ ಕೆಟ್ಟಿತು.

ಗುಂಡಿ ಒತ್ತಿದರೆ ತಾನೇ ಡ್ರಮ್ಸ್ ಬಾರಿಸುವ ಆ ಹಳೇ ಪೆಟ್ಟಿಗೆ ಮೂವತ್ತೈದು ವರ್ಷ ಚಿಕ್ಕಬಳ್ಳಾಪುರದ ಆರ್ಕೆಸ್ಟ್ರಾಗಳಲ್ಲಿ ಅವನ ಪಕ್ಕ ಕೂತಿತ್ತು. ಅದರ ತಾಳ ‘ಚಿಸ್ಸ್’ ಎಂದು ಉಸಿರು ಬಿಡುತ್ತಿತ್ತು. ಅವನ ಅಜ್ಜಿ ಕದಿರಮ್ಮ ಜಗಲಿಯಲ್ಲಿ ಕೂತು ಪದ್ಯ ಓದುವಾಗ ಕೊನೆಯ ಸಾಲಿಗೆ ಬೊಚ್ಚುಬಾಯಿಂದ ಹೀಗೇ ಗಾಳಿ ಸೋರುತ್ತಿತ್ತು.

ಸಂಗೀತ ನಿರ್ದೇಶಕ ಚೈತನ್ಯ ಯಾವುದೋ ಹಳೇ ಕ್ಯಾಸೆಟ್ಟಿನಲ್ಲಿ ಆ ಸದ್ದು ಕೇಳಿದ್ದ. “ನನ್ನ ಸಿನಿಮಾ ಹಾಡಿಗೆ ಇದೇ ಬೇಕು. ನೀವೇ ನುಡಿಸಿ, ಹೆಸರು ಹಾಕ್ತೀನಿ” ಎಂದು ಫೋನಿನಲ್ಲಿ ಹೇಳಿ, ಇವತ್ತು ಮಧ್ಯಾಹ್ನ ಬರುವವನಿದ್ದ. ಜಯರಾಮಪ್ಪನ ಹೆಸರು ಈವರೆಗೆ ಯಾವ ಕ್ಯಾಸೆಟ್ಟಿನ ಮೇಲೂ ಅಚ್ಚಾಗಿರಲಿಲ್ಲ.

ಧೂಳು ತೆಗೆಯಲೆಂದು ಚಿಂತಾಮಣಿಯ ರಮೇಶ್‌ಬಾಬುವಿನ ರೇಡಿಯೋ ಅಂಗಡಿಗೆ ಕೊಟ್ಟಿದ್ದ. ಬೆಳಿಗ್ಗೆ ಬಂದು ಗುಂಡಿ ಒತ್ತಿದರೆ ಬರೀ ‘ಚಿಕ್, ಚಿಕ್’.

“ಇದೇನಪ್ಪಾ? ಚಿಸ್ಸ್ ಎಲ್ಲೋಯ್ತು?”

“ಅದಾ? ಒಂದು ಟ್ರಾನ್ಸಿಸ್ಟರ್ ಕೆಟ್ಟೋಗಿತ್ತಣ್ಣ. ಕಿತ್ತು ಹೊಸದು ಹಾಕ್ದೆ. ಎಷ್ಟು ನೀಟಾಗಿದೆ ನೋಡಿ!”

“ಧೂಳು ತೆಗಿ ಅಂದ್ರೆ ಹೊಟ್ಟೇನೇ ಬಗೆದಿದ್ದೀಯಲ್ಲೋ! ಆ ಕೆಟ್ಟಿದ್ದೇ ಬೇಕಿತ್ತು ಕಣೋ ನಂಗೆ!”

“ಅಯ್ಯೋ ದೇವುಡಾ! ಕೆಟ್ಟಿದ್ದು ಕೊಡು ಅಂತ ನನ್ನಂಗಡಿಗೆ ಬಂದೋರು ನೀವೇ ಫಸ್ಟು.”

“ಎಲ್ಲಿ ಬಿಸಾಕ್ದೆ ಅದನ್ನ?”

ರಮೇಶ್‌ಬಾಬು ಒಂದು ಬಿಸ್ಕತ್ ಡಬ್ಬಿ ಬೋರಲು ಹಾಕಿದ. ಮೂರು ಕಾಲಿನ ಕಪ್ಪು ಕಾಳುಗಳಂಥ ಹಳೇ ಟ್ರಾನ್ಸಿಸ್ಟರುಗಳು ಮೇಜಿನ ತುಂಬ ಹರಡಿದವು.

“ಇದ್ರಲ್ಲೇ ಇದೆ. ಎಲ್ಲಾ ಕೆಟ್ಟಿರೋವೇ ಅಣ್ಣ. ಆದ್ರೆ ಒಂದೊಂದು ಒಂದೊಂದು ಥರ ಕೆಟ್ಟಿವೆ.”

ಒಂದೊಂದೇ ಬೆಸುಗೆ ಹಾಕಿ ನೋಡಿದರು. ಒಂದು ಗೊರ್ರೆಂದಿತು. ಇನ್ನೊಂದಕ್ಕೆ ಬಾಯೇ ಇಲ್ಲ. ಏಳನೆಯದಕ್ಕೆ ಕದಿರಮ್ಮನೇ ಎದುರು ಕೂತಂತೆ ‘ಚಿಸ್ಸ್’ ಬಂತು. ಜಯರಾಮಪ್ಪ ಕೈ ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ ಬಿಟ್ಟು ಅದೂ ಸುಮ್ಮನಾಯಿತು. ತಲೆ ಚಚ್ಚಿಕೊಳ್ಳುವಂತಾಯಿತು.

ಫೋನ್ ಬಡಿದುಕೊಂಡಿತು. ಚೈತನ್ಯ.

“ಜಯರಾಮಪ್ಪನೋರೇ, ಚಿಕ್ಕಬಳ್ಳಾಪುರಕ್ಕೆ ಬಂದ್ಬಿಟ್ಟೆ. ಮೆಷಿನ್ ಹೆಂಗಿದೆ?”

“ಚೆನ್ನಾಗಿದೆ ಸಾರ್, ಅದೇ ಕರ್ಮ,” ಎಂದ ಜಯರಾಮಪ್ಪ ಹಲ್ಲು ಕಚ್ಚಿ. “ಚಿಂತಾಮಣಿಗೇ ಬಂದ್ಬಿಡಿ. ಒಂದು ಡಬ್ಬೀಲಿ ಚಿಸ್ಸ್ ಹುಡುಕೋದಿದೆ.”

ಫೋನಿಟ್ಟು, ಎಂಟನೆಯದನ್ನು ಎತ್ತಿ ರಮೇಶ್‌ಬಾಬುವಿನ ಕೈಗಿತ್ತ.