ಮೂರು ಬಿಸಿಲಿನ ಸೊಪ್ಪು

ಆ ಬೆಳಿಗ್ಗೆ ಆಕಾಶದಲ್ಲಿ ಚೂರು ಮೋಡವೂ ಇರಲಿಲ್ಲ. ಬಿಸಿಲು ಏಳುವಾಗಲೇ ಚುರುಗುಟ್ಟುತ್ತಿತ್ತು. ಅಂಥ ಬಿಸಿಲು ಕಂಡರೆ ಸೊಪ್ಪು ಕೊಯ್ಯುವ ನಮಗೆ ಧೈರ್ಯ. ಹುಳಕ್ಕೆ ಔಷಧಿ ಹೊಡೆದ ಮೇಲೆ ಎಲೆಯ ಮೈಮೇಲೆ ಮೂರು ಬಿಸಿಲು ಬೀಳಬೇಕು, ಆಮೇಲೇ ಕೈ ಹಾಕಬೇಕು ಎಂಬುದು ಕೊಯ್ಲಿನವರ ಕಟ್ಟಳೆ. ಎಲೆಯ ಮೇಲೆ ಕೂತ ವಿಷವನ್ನು ಬಿಸಿಲು ದಿನದಿನಕ್ಕೆ ಮುರಿದು ಹಾಕುತ್ತದೆ. ದೇವರು ಬಡವರ ಕಡೆಗೆಂದು ಇಟ್ಟಿರುವ ಆಳು ಅದು ಎಂದು ನನ್ನ ಅತ್ತೆ ದಿನಾ ಕೈಮುಗಿಯುತ್ತಿದ್ದರು.

ಅತ್ತೆ, ನಾನು, ನನ್ನ ವಾರಗಿತ್ತಿ ಮೂವರೂ ಒಂದೇ ತೋಟದ ಆಳುಗಳು. ಬೇಲಿಗೆ ಅಂಟಿಕೊಂಡ ಒಂದು ಕೋಣೆ ನಮ್ಮ ಮನೆ. ಕೆಲಸ ಇರುವ ತನಕ ಕೋಣೆ. ವಾರಗಿತ್ತಿ ತುಂಬು ಬಸುರಿ.

ಆ ವರ್ಷ ಧಣಿ ಸೊಪ್ಪಿನ ಮಡಿಗಳ ಉದ್ದಕ್ಕೂ ಕಂಬ ನೆಟ್ಟು ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಸೊಪ್ಪು ಎಳಸಾಗಿ ಬರುತ್ತದಂತೆ, ಪೇಟೆಯಲ್ಲಿ ಹೆಚ್ಚು ಬೆಲೆಯಂತೆ.

"ಬೆಳಕು ಬರುತ್ತೆ, ಉರಿ ಬರಲ್ಲ. ನಿಮ್ಮ ತಲೆಗೂ ತಂಪು," ಎಂದಿದ್ದ ಮೇಸ್ತ್ರಿ.

ಒಳಗೆ ಹೋದರೆ ಹೌದು, ಕಣ್ಣು ಕುಕ್ಕುವಷ್ಟು ಬೆಳಕು. ಬೆಳಕಿದ್ದಲ್ಲಿ ಬಿಸಿಲಿದೆ ಎಂದೇ ನಾವು ತಿಳಿದೆವು. ಹಳೆಯ ಲೆಕ್ಕದಲ್ಲೇ ಮೂರು ದಿನ ಬಿಟ್ಟು ಕೊಯ್ಯುತ್ತಾ ಹೋದೆವು. ಪ್ರತಿ ಕೊಯ್ಲಿನ ಮೊದಲ ಕಟ್ಟು ಧಣಿಯ ಮನೆ ಪಾಲು. ಅದನ್ನು ಮಾತ್ರ ಅವರ ಅಡುಗೆಮನೆ ಗೋಡೆಯ ಪಕ್ಕದ, ಹಾಳೆ ಹೊದಿಸದ ಬಯಲು ಮಡಿಯಿಂದ ಕೊಯ್ಯಬೇಕೆಂದು ಅಪ್ಪಣೆಯಾಗಿತ್ತು. ಹತ್ತಿರವಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡಿದ್ದೆವು.

ಮೊದಲು ಬೆರಳ ಸಂದಿ ಕೆಂಪಾಯಿತು. ಆಮೇಲೆ ಚರ್ಮ ಸುಲಿದು ಬಂತು. ತುತ್ತು ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗೆ. ವಾರಗಿತ್ತಿಗೆ ಬೆಳಗಾದರೆ ವಾಂತಿ.

"ಬಸುರಿ ವಾಂತಿ ಮಾಡ್ದೆ ಇನ್ನೇನು ನಾನು ಮಾಡ್ಲಾ?" ಎಂದು ಮೇಸ್ತ್ರಿ ನಗಾಡಿದ್ದ.

"ಏಳು ತುಂಬಿದ ಮೇಲೆ ಎಂಥ ವಾಂತಿನಪ್ಪ," ಎಂದಿದ್ದರು ಅತ್ತೆ.

ಆ ಬೆಳಿಗ್ಗೆ ಮಡಿಯ ಕೊನೆಯಲ್ಲಿ ಕೂತಿದ್ದ ವಾರಗಿತ್ತಿ ಕೂಗಿದಳು. "ಅಕ್ಕಾ, ಬಾ ಇಲ್ಲಿ. ಇಲ್ಲೊಬ್ಬ ಊಟಕ್ಕೆ ಕೂತಿದ್ದಾನೆ."

ನಾಲ್ಕು ದಿನದ ಹಿಂದೆ ಎದ್ದ ಗಾಳಿಗೆ ಅಲ್ಲಿ ಹಾಳೆ ಹರಿದಿತ್ತು. ಹರಕಿನಿಂದ ಮೊರದಗಲ ಬಿಸಿಲು ನೆಟ್ಟಗೆ ಸೊಪ್ಪಿನ ಮೇಲೆ ಬಿದ್ದಿತ್ತು. ಅಷ್ಟಗಲದ ಎಲೆಗಳೆಲ್ಲ ತೂತು. ನಡುವೆ ಒಂದು ಹಸಿರು ಹುಳ ನಿಧಾನವಾಗಿ ಮೇಯುತ್ತಿತ್ತು.

"ಹುಳದ ಮುಖ ನೋಡಿ ಎಷ್ಟು ದಿನ ಆಯ್ತು," ಎಂದು ನಕ್ಕಳು. "ತಿನ್ನಪ್ಪ, ತಿನ್ನು. ನಿನಗ್ಯಾರು ಕೂಲಿ ಹಿಡೀತಾರೆ."

ಅತ್ತೆ ನಗಲಿಲ್ಲ. ಹುಳವನ್ನು ಬೆರಳ ತುದಿಗೆ ಹತ್ತಿಸಿಕೊಂಡು, ಹರಕಿನಿಂದ ಮಾರು ದೂರದ ಎಲೆಯೊಂದರ ಮೇಲೆ ಬಿಟ್ಟರು. ಎರಡು ಕಡೆಯ ಎಲೆಗೂ ಔಷಧಿ ಹೊಡೆದದ್ದು ಒಂದೇ ದಿನ, ಮೂರು ದಿನದ ಹಿಂದೆ. ಹುಳ ಸ್ವಲ್ಪ ಹರಿದಾಡಿತು. ತಲೆ ಎತ್ತಿತು. ಮೆಲ್ಲಗೆ ಉಂಗುರದಂತೆ ಸುತ್ತಿಕೊಂಡು ಕೆಳಗೆ ಉದುರಿತು.

ಅಕ್ಕಪಕ್ಕದ ಮಡಿಗಳಲ್ಲಿ ಕೊಯ್ಯುತ್ತಿದ್ದ ಹೆಂಗಸರೂ ಎದ್ದು ಬಂದು ನಿಂತಿದ್ದರು. ನಾನು ಮಡಿಯ ಉದ್ದಕ್ಕೂ ನೋಡಿದೆ. ಒಂದು ತೂತಿಲ್ಲ, ಒಂದು ಇರುವೆ ಇಲ್ಲ, ಒಂದು ನೊಣ ಇಲ್ಲ. ಅಷ್ಟು ಚೆಂದದ ಸೊಪ್ಪು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇಲ್ಲಿ ಬಿಸಿಲು ಬಿದ್ದೇ ಇಲ್ಲ ಕಣ್ರೇ," ಎಂದರು ಅತ್ತೆ. "ಬರೀ ಬೆಳಕು ಬಿದ್ದಿದೆ. ಹೊಡೆದ ದಿನ ಹೇಗಿತ್ತೋ ವಿಷ ಹಾಗೇ ಕೂತಿದೆ."

ವಾರಗಿತ್ತಿ ಹೊಟ್ಟೆಯ ಮೇಲಿಟ್ಟಿದ್ದ ತನ್ನ ಕೈಯನ್ನು ಮೆಲ್ಲನೆ ತೆಗೆದಳು.

ಮೇಸ್ತ್ರಿ ಬಂದ. "ಏನ್ ಸಂತೆ ಇದು? ಆಗಲೇ ಲಾರಿ ಬಂದು ನಿಂತಿದೆ." ಅವನ ಕಣ್ಣು ಮೇಲೆ ಹೋಯಿತು. "ಆ ಹರಕು ಮೊದಲು ಹೊಲೀರಿ. ಹುಳ ಬೀಳ್ತಿದೆ."

"ಈ ಹುಡುಗಿ ಇನ್ನು ಹಾಳೆ ಕೆಳಗೆ ಕೂರಲ್ಲ," ಎಂದರು ಅತ್ತೆ.

"ಕೂರದಿದ್ರೆ ಸಂಜೆಯೊಳಗೆ ಕೋಣೆ ಖಾಲಿ ಮಾಡಿ. ಮೂವರೂ."

ಅತ್ತೆ ಕುಕ್ಕರಗಾಲಲ್ಲಿ ಕೂತು, ಒಂದು ಕಲೆಯೂ ಇಲ್ಲದ ಸೊಪ್ಪನ್ನೇ ಆರಿಸಿ ಕಿತ್ತು, ಬೇರಿನ ಮಣ್ಣು ಕೊಡವಿ ಒಂದು ಕಟ್ಟು ಕಟ್ಟಿದರು. ಎದ್ದು ಧಣಿಯ ಮನೆಯ ಕಡೆ ನಡೆದರು. ಯಾರೂ ಕರೆಯಲಿಲ್ಲ, ನಾವೆಲ್ಲ ಹಿಂದೆ ಹೋದೆವು. ಕುಡುಗೋಲುಗಳು ಮಡಿಯಲ್ಲೇ ಉಳಿದವು.

ಧಣಿ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. "ಏನಮ್ಮಾ, ದಂಡೇ ಬಂದಿದೆ? ಮದುವೆಗೆ ಕರೆಯೋಕಾ?"

"ನಿಮ್ಮ ಮನೆ ಪಾಲು ಧಣಿ," ಎಂದು ಅತ್ತೆ ಕಟ್ಟನ್ನು ಮುಂದೆ ಹಿಡಿದರು. ಧಣಿಯ ಕೈ ವಾಡಿಕೆಯಂತೆ ಮೇಲೆದ್ದಿತು. "ಹಾಳೆ ಕೆಳಗಿಂದು. ಇಷ್ಟು ದಿನ ನಿಮಗೆ ಸಲ್ಲದೆ ಉಳಿದಿತ್ತು."

ಎದ್ದ ಕೈ ಅರ್ಧದಲ್ಲೇ ನಿಂತಿತು.

"ಅಲ್ಲಿಡು ಕೆಳಗೆ."

"ಕೈಯಲ್ಲೇ ತಗೋಬೇಕು ಧಣಿ. ನಾವು ಕೊಯ್ಯೋದೂ ಕೈಯಲ್ಲೇ."

ಧಣಿ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ಕಂಕುಳಲ್ಲಿ ಅವಿತಿಟ್ಟುಕೊಂಡರು. ಅದನ್ನು ನಾವೆಲ್ಲರೂ ನೋಡಿದೆವು. ನಮ್ಮ ಹಿಂದೆಯೇ ಬಂದು ಕೊನೆಯಲ್ಲಿ ನಿಂತಿದ್ದ ಮೇಸ್ತ್ರಿಯೂ ನೋಡಿದ. ಆಮೇಲೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

ಲಾರಿ ಹಾರ್ನ್ ಮಾಡಿತು. ಮತ್ತೊಮ್ಮೆ ಮಾಡಿತು. ಒಬ್ಬರೂ ತೋಟದ ಕಡೆ ತಿರುಗಲಿಲ್ಲ.

ಅತ್ತೆ ಬಗ್ಗಿ, ಕೂಸನ್ನು ಮಲಗಿಸುವಷ್ಟು ಮೆತ್ತಗೆ, ಆ ಕಟ್ಟನ್ನು ಧಣಿಯ ಮಡಿಲಲ್ಲಿಟ್ಟರು.