ಬದುಕಿದ್ದಾಳೆಂಬ ದಾಖಲೆ

"ಸತ್ತಿಲ್ಲ ಅಂತ ನಾನು ಹೆಂಗೋ ಬರ್ಕೊಡ್ಲಿ, ಬೋಳಿಮಗನೆ? ನಾನೇನು ನೋಡೀನಾ?"

ಪಟೇಲ ಮಹೇಶ್ವರಪ್ಪ ಜಗಲಿಯ ಮೇಲೆ, ಸಣ್ಣ ಬರೆಯುವ ಮೇಜಿನ ಮುಂದೆ ಕೂತಿದ್ದರು. ಕರಿಯಣ್ಣ ಅಂಗಳದ ಕೊನೆಯಲ್ಲಿ ಗೊಬ್ಬರದ ಗುಂಡಿಯ ಪಕ್ಕ ನಿಂತಿದ್ದ. ಹೊಲಗೇರಿಯವರು ನಿಲ್ಲುವ ಜಾಗ ಅದು. ಯಾರೂ ಗೆರೆ ಎಳೆದಿರಲಿಲ್ಲ.

ಅವನ ದೊಡ್ಡವ್ವ ಗುತ್ತ್ಯಮ್ಮನ ಒಬ್ಬನೇ ಮಗ ಯುದ್ಧಕ್ಕೆ ಹೋಗಿ ಬರ್ಮಾದಲ್ಲಿ ಸತ್ತಿದ್ದ. ಅವನ ಪಿಂಚಣಿ ತಾಯಿಗೆ ಬರುತ್ತಿತ್ತು. ಮುದುಕಿಯ ಕಾಲು ಬಿದ್ದುಹೋದ ಮೇಲೆ ಸೊರಬದ ಖಜಾನೆಗೆ ಹೋಗಲಾಗದೆ, ಶಿಕಾರಿಪುರದ ವಕೀಲರೊಬ್ಬರಿಂದ ಕರಿಯಣ್ಣನ ಹೆಸರಿಗೆ ಮುಖ್ತ್ಯಾರ್ ಪತ್ರ ಬರೆಸಿದ್ದಳು. ಅದರ ಪ್ರಕಾರ ಅವಳ ಪರವಾಗಿ ಅವನು ಎಲ್ಲವನ್ನೂ ಮಾಡಬಹುದಿತ್ತು, ಬದುಕಿರುವುದೊಂದನ್ನು ಬಿಟ್ಟು. ಅದನ್ನು ವರ್ಷಕ್ಕೊಮ್ಮೆ ಊರ ಪಟೇಲರು ಕಣ್ಣಾರೆ ಕಂಡು ಬರೆದುಕೊಡಬೇಕು. ಈ ವಾರದೊಳಗೆ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದು ಖಜಾನೆಯಿಂದ ಹೇಳಿ ಕಳಿಸಿದ್ದರು. ಅದು ನಿಂತರೆ ಮುದುಕಿಯ ಗಂಜಿಯೂ ನಿಂತಂತೆ.

"ಕೇರಿಗೆ ಒಂದ್ ಗಳಿಗೆ ಬಂದು ನೋಡಿ ಹೋಗ್ರಿ ಗೌಡ್ರೆ."

"ಹೋದ ವಾರ ಬಿಟ್ಟಿ ಕೆಲಸಕ್ಕೆ ಕರೆದಾಗ ನೀನು ಬರ್ಲಿಲ್ಲ. ಈಗ ಲಿಂಗಪೂಜೆ ಮಾಡ್ಕಂಡು ನಾನು ನಿಮ್ಮ ಕೇರಿಗೆ ಬರ್ಬೇಕಾ?"

"ಹಂಗಾರೆ ನೋಡ್ದೇ ಬರ್ಕೊಡ್ರಿ. ಬೆಳಿಗ್ಗೇನೂ ನನ್ ಜೊತೆ ಜಗಳ ಆಡ್ಯಾಳೆ."

"ಸರ್ಕಾರಕ್ಕೆ ಸುಳ್ಳು ಬರೀಲೇನಲೇ? ನಮ್ಮ ವಂಶದಾಗೆ ಯಾರೂ ಬರೆದಿಲ್ಲ."

ಅಂಗಳದಲ್ಲಿ ಹುಲ್ಲು ಕಟ್ಟುತ್ತಿದ್ದ ಆಳು ಜಯಪ್ಪನಿಗೆ ಕೆಮ್ಮು ಬಂತು. ಕರಿಯಣ್ಣ ಕೇರಿಯ ಕಡೆ ಹೊರಟ.

ಮಧ್ಯಾಹ್ನ ಅವನು ದೊಡ್ಡವ್ವನನ್ನು ಕಂಬಳಿಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ಅವಳು ಬಯ್ದಳು.

"ಹೆಣ ಹೊತ್ತಂಗೆ ಹೊರಬ್ಯಾಡ ಕಣೋ, ಮುಂಡೇದೆ."

"ಹೆಣ ಆದ್ರೆ ಬಾಯಿ ಮುಚ್ಕಂಡಿರ್ತಿತ್ತು, ದೊಡ್ಡವ್ವ."

ಗೊಬ್ಬರದ ಗುಂಡಿಯ ಪಕ್ಕ ಇಳಿಸಿದ. ಪಟೇಲರು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಕಂಬಳಿ ಕಾಣ್ತೈತಿ. ಮುಖ ಇಲ್ಲ."

ಅವನು ಕಂಬಳಿ ಸರಿಸಿದ.

"ಇವಳೇ ಗುತ್ತ್ಯಮ್ಮ ಅನ್ನಾಕೆ ಗುರುತೇನು? ನಿಮ್ಮ ಮುದುಕೀರೆಲ್ಲ ಒಂದೇ ನಮೂನಿ."

"ಹರೇದಿಂದ ನಿಮ್ಮ ಗದ್ದೇಲೇ ನಾಟಿ ಹಾಕ್ಯಾಳಲ್ರೀ."

"ಬಗ್ಗಿದ ಬೆನ್ನು ನೋಡೀನಿ. ಮುಖ ಯಾರು ನೋಡ್ತಾರೆ? ಹತ್ರ ತಾ."

ಅಂಗಳದ ನಡುವೆ ತಂದು ಕೂರಿಸಿದ. ಪಟೇಲರು ಕಾಲು ಮೇಲೆಳೆದುಕೊಂಡರು. "ಅಷ್ಟು ಹತ್ರ ಅಲ್ಲ."

ಮುದುಕಿ ಅಲ್ಲಿ ಮೊದಲ ಸಲ ಬಾಯಿಬಿಟ್ಟಳು. "ಜಗಲಿ ಹತ್ತಬಾರ್ದಾ ಹಂಗಾರೆ?"

"ಹತ್ತಬ್ಯಾಡ ಅಂತ ನಾನು ಎಂದೂ ಅಂದಿಲ್ಲ ತಾಯಿ. ಕಾನೂನು ಬಂದೈತಿ, ನಂಗೂ ಗೊತ್ತು. ನೀವೇ ಹತ್ತಲ್ಲ. ಅದು ನಿಮ್ಮ ದೊಡ್ಡ ಗುಣ." ಪಟೇಲರು ನಕ್ಕರು.

ಗುತ್ತ್ಯಮ್ಮ ಅಂಗೈ ಊರಿ, ಕಾಲುಗಳನ್ನು ಹಿಂದೆ ಎಳೆದುಕೊಳ್ಳುತ್ತ ಮೆಟ್ಟಿಲಿನತ್ತ ತೆವಳಿದಳು. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು. ಅವಳು ಒಂದೊಂದೇ ಮೆಟ್ಟಿಲು ಹತ್ತಿ, ಬಾಗಿಲಿಗೆ ಅಡ್ಡವಾಗಿ ಮೇಜಿನ ಪಕ್ಕ ಕೂತಾಗ ಪಟೇಲರು ಜಗಲಿಯ ಆ ತುದಿಯಲ್ಲಿದ್ದರು.

"ಈಗ ಕಾಣ್ತೀನಾ?"

"ಲೇ ಕರಿಯ, ಹತ್ತಿ ಬಂದು ಇಳಿಸೋ ಇವಳನ್ನ."

"ಇಳಿಸ್ತೀನಿ ಗೌಡ್ರೆ. ಮೊದ್ಲು ಬರೀರಿ."

"ಎಳೆದು ಹಾಕಿಸ್ತೀನಿ, ಸೂಳೆಮಗನೆ."

"ಯಾರ ಕೈಲಿ?"

ಪಟೇಲರು ಜಯಪ್ಪನನ್ನು ನೋಡಿದರು. ಜಯಪ್ಪ ಹುಲ್ಲಿನ ಹೊರೆ ತಲೆಯ ಮೇಲಿಟ್ಟುಕೊಂಡು ಕೊಟ್ಟಿಗೆಗೆ ಹೋದ. ಒಳಗಿನಿಂದ ಪಟೇಲರ ಹೆಂಡತಿ ನೀಲಾಂಬಿಕ ಅಂದರು: "ಬರ್ಕೊಟ್ಟು ಕಳಿಸ್ರೀ. ನಾನು ಹೊರಗೆ ಬರೋದು ಹೆಂಗೆ?"

ಬರೆಯಬಹುದಿತ್ತು. ಆದರೆ ಮುದುಕಿಯ ಮೊಣಕೈ ಮೇಜಿನ ಮೇಲೆ, ಕಾಗದಗಳ ಮೇಲೆಯೇ ಇತ್ತು.

ಕರಿಯಣ್ಣ ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಪಟೇಲರ ಎದುರು ಅವನ ಅಪ್ಪನೂ ಹಚ್ಚಿದ್ದಿಲ್ಲ.

ಗುತ್ತ್ಯಮ್ಮ ಒಂದು ಹಾಳೆ ಎಳೆದು ನೆಲಕ್ಕೆ ಹಾಸಿ, ಅದರ ಮೇಲೆ ಶಾಯಿ ಬುಡ್ಡಿ ಇಟ್ಟು, ಲೇಖನಿ ಇಟ್ಟು, ಪಟೇಲರಿದ್ದ ತುದಿಯ ಕಡೆಗೆ ತಳ್ಳಿದಳು.

"ಬರಿಯೋ," ಎಂದಳು.

ಪಟೇಲರು ಬುಡ್ಡಿಯನ್ನೇ ನೋಡುತ್ತ ನಿಂತರು. ಅವಳು ಗೋಡೆಗೆ ಒರಗಿ, ಸತ್ತ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ, ನೆರಳಿರುವ ಕಡೆ ಚಾಚಿಕೊಂಡಳು.