ಅಪ್ಪನ ಹಲ್ಲಿನ ಗುರುತು

ನಮ್ಮೂರ ಗುಡಿಯ ಬೆಟ್ಟದಮ್ಮನ ಮುಖವಾಡವನ್ನು ಪೇಟೆಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡುತ್ತಾರಂತೆ. ಹಬ್ಬಕ್ಕೆ ಕುಣಿಯಲು ಊರಲ್ಲಿ ಗಂಡಸರಿಲ್ಲವಂತೆ. ಹಾಗಾದರೆ ನಾನೇನು ಮರದ ಕೊರಡೇ? ಅದನ್ನು ತೊಟ್ಟು ಕುಣಿಯುತ್ತಿದ್ದವರು ನನ್ನಪ್ಪ. ಅವರ ಅಭ್ಯಾಸಕ್ಕೆ ತಾಳ ಹಾಕುತ್ತಲೇ ನಾನು ಹೆಜ್ಜೆಗಳನ್ನೆಲ್ಲ ಕಲಿತಿದ್ದೆ. ಹಾಸಿಗೆ ಹಿಡಿದಾಗ ಅಪ್ಪ, "ಮಗಳು ಕುಣೀಲಿ, ಒಂದ್ಸಲ ನೋಡ್ತೀನಿ" ಎಂದು ಗುಡಿಯ ಹಿರಿಯ ತೊಕುಜೋನನ್ನು ಬೇಡಿಕೊಂಡರು. ಅವನು ಒಪ್ಪಲಿಲ್ಲ. ಅಪ್ಪ ಆ ಚಳಿಗಾಲದಲ್ಲೇ ತೀರಿಕೊಂಡರು.

ಈ ವರ್ಷ ಹಬ್ಬದ ಬೆಳಿಗ್ಗೆ ನಾನೇ ಹೋಗಿ ಕೇಳಿದೆ.

"ಹೆಂಗಸು ಮುಟ್ಟಬಾರದು ಮಿತ್ಸುಯೊ. ಹೆಣ್ಣು ಕಂಡ್ರೆ ಬೆಟ್ಟದಮ್ಮನಿಗೆ ಹೊಟ್ಟೆಕಿಚ್ಚು, ನಿಂಗೊತ್ತಿಲ್ವಾ?" ಎಂದ ತೊಕುಜೋ.

"ಗೊತ್ತು. ತನಗಿಂತ ಕುರೂಪಿ ಕಂಡ್ರೆ ನಗ್ತಾಳೆ ಅಂತ ತಾನೇ ಆ ಮುಳ್ಳುಮೂತಿ ಮೀನನ್ನ ಎಡೆ ಇಡೋದು? ಈ ಸಲ ಮೀನು ಬೇಡ, ನನ್ನನ್ನೇ ನಿಲ್ಸಿ."

ಡೋಲು ಬಾರಿಸುವ ಯಸುಹೇ ನಗು ತಡೆಯಲಾರದೆ ಕೆಮ್ಮಿದ. ತೊಕುಜೋಗೆ ರೇಗಿಹೋಯಿತು.

"ಕೊನೇ ಕುಣಿತ ನಾನೇ ಕುಣೀತೀನಿ. ಆಮೇಲೆ ಪೇಟೆಯೋರು ತಗೊಂಡು ಹೋಗ್ಲಿ."

ಆ ಮುಖವಾಡಕ್ಕೆ ದಾರವಿಲ್ಲ. ಒಳಗೊಂದು ಅಡ್ಡಪಟ್ಟಿ ಇದೆ, ಅದನ್ನು ಕಚ್ಚಿ ಹಿಡಿದೇ ಕುಣಿಯಬೇಕು. ಊರವರು ಸೇರಿ ಡೋಲು ಶುರುವಾದಾಗ ತೊಕುಜೋ ಮುಖವಾಡಕ್ಕೆ ನಮಸ್ಕರಿಸಿ ಕಚ್ಚಿದ, ಒಂದು ಸುತ್ತು ತಿರುಗಿದ. ಎರಡನೇ ಸುತ್ತಿಗೆ ಮುಖವಾಡ ಕಳಚಿತು. ಹೇಗೋ ಕೈಯಲ್ಲಿ ಹಿಡಿದುಕೊಂಡ. ಅವನ ಕಟ್ಟಿಸಿದ ಹಲ್ಲಿನ ಸೆಟ್ಟು ಮಾತ್ರ ಪಟ್ಟಿಗೇ ಕಚ್ಚಿಕೊಂಡಿತ್ತು.

ಎಲ್ಲರೂ ನೆಲ ನೋಡಿದರು. ನಗಬೇಕಿತ್ತು, ಆದರೆ ನನ್ನೊಳಗೆ ಸಿಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಸೆಟ್ಟನ್ನು ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟೆ. ಯಾರನ್ನೂ ಕೇಳದೆ ಮುಖವಾಡಕ್ಕೆ ನಮಸ್ಕರಿಸಿದೆ. ಪಟ್ಟಿಯ ಮೇಲೆ ಅಪ್ಪನ ಹಲ್ಲಿನ ತಗ್ಗುಗಳಿದ್ದವು. ಅವರ ಮುರಿದಿದ್ದ ಮುಂದಿನ ಹಲ್ಲಿನ ಜಾಗ ಮಾತ್ರ ನುಣ್ಣಗಿತ್ತು. ಆ ತಗ್ಗುಗಳಲ್ಲೇ ಹಲ್ಲಿಟ್ಟು ಕಚ್ಚಿದೆ. ಯಸುಹೇ ಒಮ್ಮೆ ತೊಕುಜೋನ ಮುಖ ನೋಡಿದ, ಆಮೇಲೆ ಡೋಲು ಬಾರಿಸಿದ.

ಕೊನೆಯವರೆಗೂ ಕುಣಿದೆ. ಮುಖವಾಡ ತೆಗೆದಾಗ ಬಾಗಿಲಲ್ಲಿ ಪೇಟೆಯವನು ಹತ್ತಿ ಹಾಸಿದ ಪೆಟ್ಟಿಗೆ ಹಿಡಿದು ನಿಂತಿದ್ದ.

"ವಾಪಸ್ ಹೋಗಪ್ಪ, ಇದಿನ್ನೂ ಬಳಕೇಲಿದೆ," ಎಂದ ತೊಕುಜೋ, ಹಲ್ಲು ಸರಿಮಾಡಿಕೊಳ್ಳುತ್ತಾ. ಆಮೇಲೆ ನನ್ನ ಕಡೆ ತಿರುಗಿ, ತಾನೇ ಒಪ್ಪಿಗೆ ಕೊಡಿಸಿದವನ ಹಾಗೆ, "ಅಮ್ಮ ಸಿಟ್ಟಾಗ್ಲಿಲ್ಲ ಕಣೆ," ಎಂದ.

"ಅವಳು ಯಾವತ್ತು ಸಿಟ್ಟಾಗಿದ್ಲು?" ಎಂದೆ. "ಅಪ್ಪ ಬದುಕಿದ್ದಾಗ್ಲೇ ಅವಳನ್ನ ಒಂದು ಮಾತು ಕೇಳಬಹುದಿತ್ತಲ್ಲ."